ಕೈಗೆ ಮುಂಚೆ ಕಣ್ಣು: ಚದುರಂಗದಲ್ಲಿ ಮಕ್ಕಳ ಅವಸರ

ಎಂಟು–ಹತ್ತು ವರ್ಷದ ಮಕ್ಕಳು ಚೆಸ್ ಟೂರ್ನಿಗಳಲ್ಲಿ ಸೋಲುವುದು ಹೆಚ್ಚಾಗಿ ಆಟ ತಿಳಿಯದೆ ಅಲ್ಲ, ಅವಸರದಿಂದ. ಗಡಿಯಾರದಲ್ಲಿ 90 ನಿಮಿಷ ಇದ್ದರೂ ಹತ್ತಿಪ್ಪತ್ತು ನಿಮಿಷಕ್ಕೇ ಆಟ ಮುಗಿಸುತ್ತಾರೆ. ಎದುರಾಳಿಯ ಒಂಟೆ ಕಾಯುತ್ತಿರುವ ಮನೆಗೇ ರಾಣಿಯನ್ನು ಇಟ್ಟುಬಿಡುತ್ತಾರೆ. ಅದೇ ಕಾಯಿಗಳನ್ನು ಆಮೇಲೆ ಮನೆಯಲ್ಲಿ ಜೋಡಿಸಿ ಕೇಳಿದರೆ ಸರಿಯಾದ ನಡೆಯನ್ನು ತಾವೇ ಹೇಳುತ್ತಾರೆ.

ಹೊಳೆದದ್ದನ್ನು ತಡೆದು ಇನ್ನೊಮ್ಮೆ ನೋಡುವ ಶಕ್ತಿ ಬಹುಮಟ್ಟಿಗೆ ಹಣೆಯ ಹಿಂದಿರುವ ಮಿದುಳಿನ ಮುಂಭಾಗವನ್ನು ನೆಚ್ಚಿಕೊಂಡಿದೆ. ಅದು ಪೂರ್ತಿ ಬಲಿಯುವ ಹೊತ್ತಿಗೆ ವಯಸ್ಸು ಇಪ್ಪತ್ತು ದಾಟಿರುತ್ತದೆ. ಆಟದ ತಿಳಿವಳಿಕೆ ಹಾಗೆ ಕಾಯುವುದಿಲ್ಲ. ಚೆಸ್‌ನಲ್ಲಿ ಪಳಗಿದ ಮಕ್ಕಳು ಹಲಗೆಯ ಮೇಲಿನ ಕಾಯಿಗಳನ್ನು ಆಟ ಅಷ್ಟಾಗಿ ಬಾರದ ದೊಡ್ಡವರಿಗಿಂತ ಚೆನ್ನಾಗಿ ನೆನಪಿಡುತ್ತಾರೆ ಎಂದು ಮನೋವಿಜ್ಞಾನಿ ಮಿಷೆಲಿನ್ ಚಿ 1978ರಲ್ಲಿ ತೋರಿಸಿದರು. ಅಂಕಿಗಳನ್ನು ನೆನಪಿಡುವುದರಲ್ಲಿ ಮಾತ್ರ ದೊಡ್ಡವರೇ ಮುಂದಿದ್ದರು. ಹೀಗೆ ತಿಳಿವಳಿಕೆ ಮುಂದೆ ಓಡಿ, ತಡೆಯುವ ಶಕ್ತಿ ಹಿಂದೆ ಉಳಿಯುತ್ತದೆ.

ಆದ್ದರಿಂದ ‘ನಿಧಾನವಾಗಿ ಯೋಚಿಸು’ ಎಂದು ಗದರಿದರೆ ಪ್ರಯೋಜನ ಕಡಿಮೆ. ಸಂಶೋಧಕರಾದ ಬಿಲಾಲಿಚ್, ಮೆಕ್ಲಿಯೋಡ್, ಗೋಬೆ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನುರಿತ ಆಟಗಾರರಿಗೇ ಒಂದು ಒಗಟು ಕೊಡಲಾಗಿತ್ತು. ಅದಕ್ಕೆ ಎಲ್ಲರಿಗೂ ಪರಿಚಿತವಾದ ಒಂದು ಉತ್ತರವಿತ್ತು, ಅದಕ್ಕಿಂತ ಚಿಕ್ಕದಾದ ಇನ್ನೊಂದೂ ಇತ್ತು. ಪರಿಚಿತ ಉತ್ತರ ಕಂಡವರು ಇನ್ನೂ ಒಳ್ಳೆಯದನ್ನು ಹುಡುಕುತ್ತಿದ್ದೇವೆ ಎಂದರು. ಅವರ ನೋಟವನ್ನು ಗುರುತಿಸುತ್ತಿದ್ದ ಉಪಕರಣ ಬೇರೆಯೇ ಹೇಳಿತು: ಕಣ್ಣು ಮೊದಲು ಹೊಳೆದ ಉತ್ತರದ ಮನೆಗಳಿಗೇ ಮರಳುತ್ತಿತ್ತು. ನುರಿತವರ ಪಾಡೇ ಹೀಗಿರುವಾಗ, ಎಲ್ಲಿ ನೋಡಬೇಕೆಂದು ತಿಳಿಯದ ಮಗು ಹೆಚ್ಚು ಹೊತ್ತು ಕುಳಿತರೂ ಮೊದಲು ಹೊಳೆದದ್ದನ್ನೇ ನೋಡುತ್ತದೆ.

ದಾರಿ ತೋರಿಸುವ ಹಳೆಯ ಅಧ್ಯಯನವೊಂದಿದೆ. ಮೈಕೆನ್‌ಬಾಮ್ ಮತ್ತು ಗುಡ್‌ಮನ್ 1971ರಲ್ಲಿ ದುಡುಕು ಸ್ವಭಾವದ ಮಕ್ಕಳಿಗೆ ತಮ್ಮೊಂದಿಗೆ ತಾವೇ ಮಾತಾಡಿಕೊಳ್ಳುವುದನ್ನು ಕಲಿಸಿದರು. ಮೊದಲು ದೊಡ್ಡವರು ಬಾಯಿಬಿಟ್ಟು ಹೇಳುತ್ತ ಕೆಲಸ ಮಾಡಿ ತೋರಿಸುವುದು, ಬಳಿಕ ಮಗು ಜೋರಾಗಿ, ಆಮೇಲೆ ಪಿಸುದನಿಯಲ್ಲಿ, ಕೊನೆಗೆ ಮನಸ್ಸಿನಲ್ಲೇ ಹೇಳಿಕೊಳ್ಳುವುದು. ಬರೀ ನೋಡಿ ಕಲಿತ ಮಕ್ಕಳು ನಿಧಾನವೇನೋ ಆದರು. ತಪ್ಪುಗಳು ಗಮನಾರ್ಹವಾಗಿ ಇಳಿದದ್ದು ಹೇಳಿಕೊಳ್ಳುವುದನ್ನೂ ಕಲಿತವರಲ್ಲಿ. ಚೆಸ್‌ ಕಲಿಸುವವರು ಗಟ್ಟಿಯಾಗಿ ಹಿಡಿಯಬೇಕಾದ ಅಂಶ ಇದೇ.

ಆ ಮಾತು ಮಗುವಿನ ಮನೆಮಾತಿನಲ್ಲಿದ್ದರೆ ಬೇಗ ಒಳಗಿಳಿಯುತ್ತದೆ. ಕೊಯಮತ್ತೂರು ಸೀಮೆಯ ಅನೇಕ ದೇವಾಂಗ, ಒಕ್ಕಲಿಗ ಮನೆಗಳಲ್ಲಿ ಒಳಗೆ ಕನ್ನಡ, ಹೊರಗೆ ತಮಿಳು. ಅಂಥ ಮನೆಯ ಮಗು ಕೊಯಮತ್ತೂರಿನ ಪೀಳಮೇಡಿನಲ್ಲಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಆಟ ಕಲಿತರೂ, ‘ಅವನು ಯಾಕೆ ಹೀಗೆ ನಡೆಸಿದ? ನನ್ನ ಯಾವ ಕಾಯಿಗೆ ಕಾವಲಿಲ್ಲ? ನಾನು ಇದನ್ನು ಇಟ್ಟರೆ ಅವನು ಏನು ಹೊಡೆಯುತ್ತಾನೆ, ಚೆಕ್ ಇದೆಯೇ?’ ಎಂದು ಕನ್ನಡದಲ್ಲೇ ಕೇಳಿಕೊಳ್ಳಬಹುದು.

ಪಂದ್ಯದಲ್ಲಿ ಇದಕ್ಕೆ ನೆರವಾಗುವುದು ನಡೆ ಬರೆಯುವ ಹಾಳೆ. ಎದುರಾಳಿಯ ನಡೆಯನ್ನು ಬರೆದ ಮೇಲೆಯೇ ಯೋಚನೆಗೆ ತೊಡಗುವುದು ಒಳ್ಳೆಯ ರೂಢಿ. ತನ್ನ ನಡೆಯನ್ನು ಮೊದಲೇ ಬರೆದು ಆಮೇಲೆ ಆಡು ಎಂಬ ಹಳೆಯ ಸಲಹೆ ಮಾತ್ರ ಈಗ ಸಲ್ಲದು, ವಿಶ್ವ ಚೆಸ್ ಒಕ್ಕೂಟವಾದ ಫಿಡೆಯ ನಿಯಮ ಅದನ್ನು ತಡೆದಿದೆ. ಮುಟ್ಟಿದ ಕಾಯನ್ನೇ ಆಡಬೇಕಾದ್ದರಿಂದ ಯೋಚಿಸುವಾಗ ಕೈ ಮೇಜಿನ ಕೆಳಗಿರುವುದೇ ಲೇಸು.

ವಿಶ್ವನಾಥನ್ ಆನಂದ್ ಬಾಲ್ಯದಲ್ಲಿ ಮಿಂಚಿನಂತೆ ಆಡಿಯೇ ಗೆದ್ದರಲ್ಲ ಎಂದು ಕೇಳುವವರಿದ್ದಾರೆ. ಅದು ಅಪರೂಪದ ಪ್ರತಿಭೆ; ಎಲ್ಲ ಮಕ್ಕಳಿಗೂ ಅಳತೆಗೋಲಾಗದು. ತಾಳ್ಮೆಯ ದಾರಿಗೂ ಉದಾಹರಣೆಯಿದೆ: 2024ರ ಡಿಸೆಂಬರ್ 12ರಂದು ವಿಶ್ವ ಚಾಂಪಿಯನ್ ಆದ ಚೆನ್ನೈನ ಗುಕೇಶ್ ಅವರನ್ನು ಕೋಚ್ ವಿಷ್ಣು ಪ್ರಸನ್ನ ವರ್ಷಗಟ್ಟಲೆ ಕಂಪ್ಯೂಟರ್ ಎಂಜಿನ್‌ಗಳಿಂದ ದೂರವಿಟ್ಟು, ಸ್ವಂತ ಲೆಕ್ಕಾಚಾರದಲ್ಲೇ ಪಳಗಿಸಿದರು.

ಇಂಥ ಲೆಕ್ಕಾಚಾರಕ್ಕೆ ಹಳೆಯ ಅಭ್ಯಾಸವೊಂದಿದೆ: ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆ 64 ಮನೆಗಳಲ್ಲೂ ಒಂದೊಂದೇ ಸಲ ಕಾಲಿಡುವ ಬಂಧಗಳನ್ನು ರಚಿಸಿದ್ದರು. ಮಕ್ಕಳಿಗೆ ಇದು ಸೊಗಸಾದ ಅಭ್ಯಾಸ. ಇಲ್ಲಿ ಎದುರಾಳಿಯೂ ಇಲ್ಲ, ಗಡಿಯಾರವೂ ಇಲ್ಲ. ದುಡುಕಿದರೆ ದಾರಿ ಮುಚ್ಚಿಹೋಗುವುದರಿಂದ ಕುದುರೆಯನ್ನು ಎತ್ತುವ ಮೊದಲೇ ಎರಡು–ಮೂರು ಜಿಗಿತ ಮುಂದೆ ನೋಡಲೇಬೇಕಾಗುತ್ತದೆ.

ಮತ್ತೆ ನಡೆ ಬರೆಯುವ ಹಾಳೆಗೆ ಬಂದರೆ, ನಡೆಯ ಪಕ್ಕದಲ್ಲಿ ಗಡಿಯಾರದ ಸಮಯ ಬರೆದುಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಮಗು ಎಲ್ಲಿ ದುಡುಕಲು ಶುರುಮಾಡಿತು ಎಂಬುದು ಆ ಅಂಕಿಗಳಲ್ಲೇ ಕಾಣುತ್ತದೆ. ಅಪ್ಪ ಅಮ್ಮಂದಿರು ಗೆದ್ದೆಯೋ ಸೋತೆಯೋ ಎಂದು ಕೇಳುವ ಮೊದಲು ಮಗುವಿನ ಜೊತೆ ಕುಳಿತು ಆ ಹಾಳೆಯನ್ನು ಓದಲಿ.