4294967297 ಅವಿಭಾಜ್ಯವೇ?

ನಂಬಿಕೆ: ಒಂದು ಸೂತ್ರ ಸಾಲಾಗಿ ಐದು ಸಲ ಸರಿಬಂದರೆ ಆರನೆಯ ಸಲವೂ ಸರಿಬರುತ್ತದೆ.

ಸತ್ಯ: ಫ್ರಾನ್ಸಿನ ಪಿಯರ್ ದ ಫರ್ಮಾನಂಥ ದೊಡ್ಡ ಗಣಿತಜ್ಞನೇ ಇಲ್ಲಿ ಎಡವಿದ. 2ನ್ನು ವರ್ಗ ಮಾಡಿ, ಬಂದದ್ದನ್ನು ಮತ್ತೆ ಮತ್ತೆ ವರ್ಗ ಮಾಡುತ್ತ ಹೋದರೆ 2, 4, 16, 256, 65536 ಸಿಗುತ್ತವೆ. ಒಂದೊಂದಕ್ಕೂ 1 ಕೂಡಿಸಿದರೆ 3, 5, 17, 257, 65537. ಐದೂ ಅವಿಭಾಜ್ಯ ಸಂಖ್ಯೆಗಳೇ. ಈ ಸಾಲು ಎಷ್ಟು ದೂರ ಹೋದರೂ ಹೀಗೇ ಇರುತ್ತದೆ ಎಂದು ಫರ್ಮಾ 1640ರಲ್ಲಿ ಗೆಳೆಯರಿಗೆ ಬರೆದ. ಸಾಧನೆ ಕೈಗೆ ಸಿಕ್ಕಿಲ್ಲವೆಂದು ಒಪ್ಪಿಕೊಂಡದ್ದು ಅವನ ಪ್ರಾಮಾಣಿಕತೆ. ಆರನೆಯದು 2³²+1, ಅಂದರೆ 429 ಕೋಟಿ 49 ಲಕ್ಷ 67 ಸಾವಿರದ 297. ಅದು 641 × 6700417 ಎಂದು 1732ರಲ್ಲಿ ಲಿಯೊನಾರ್ಡ್ ಆಯ್ಲರ್ ತೋರಿಸಿದ. ಅಲ್ಲಿಂದಾಚೆಗೆ ಈ ಸಾಲಿನಲ್ಲಿ ಒಂದೇ ಒಂದು ಅವಿಭಾಜ್ಯವೂ ಇದುವರೆಗೆ ಸಿಕ್ಕಿಲ್ಲ.

ನಂಬಿಕೆ: ಇಷ್ಟು ದೊಡ್ಡ ಸಂಖ್ಯೆಯನ್ನು ಒಡೆಯಲು ಕಂಪ್ಯೂಟರೇ ಬೇಕು.

ಸತ್ಯ: ಬೇಡ. ಈ ಸಂಖ್ಯೆಯನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಆಯ್ಲರನೇ ಸಾಧಿಸಿದ ನಿಯಮವಿದು. ಹಾಗೆ ಶೇಷ ಉಳಿಸುವ ಅವಿಭಾಜ್ಯಗಳು 193, 257, 449, 577, 641. ಐದನೆಯದಕ್ಕೇ ಬೀಗ ತೆರೆಯಿತು!

ಭಾಗಾಕಾರವನ್ನೇ ಮಾಡದೆಯೂ ಇದನ್ನು ಕಾಣಬಹುದು. ಹೈಸ್ಕೂಲಿನ ಮಕ್ಕಳಿಗೆ ಇದನ್ನು ಹೇಳಿಕೊಡಲೇಬೇಕು, ಅಷ್ಟು ಸೊಗಸಾಗಿದೆ. 641 ಎಂದರೆ 625 + 16, ಅಂದರೆ 5⁴ + 2⁴. ಇದನ್ನು 2²⁸ರಿಂದ ಗುಣಿಸಿದರೆ 640⁴ + 2³² ಆಗುತ್ತದೆ. ಇದು 641ರ ಗುಣಕ. ಇನ್ನೊಂದೆಡೆ, 640⁴ – 1 ಅನ್ನು ಬಿಡಿಸಿದರೆ ಒಂದು ಅಪವರ್ತನ 640 + 1. ಹಾಗಾಗಿ ಇದೂ 641ರ ಗುಣಕವೇ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. ಉಳಿಯುವುದು 2³² + 1.

ನಂಬಿಕೆ: ಅಪವರ್ತನ ತೋರಿಸದೆ ಒಂದು ಸಂಖ್ಯೆ ಅವಿಭಾಜ್ಯವಲ್ಲ ಎನ್ನುವಂತಿಲ್ಲ.

ಸತ್ಯ: ಧಾರಾಳವಾಗಿ ಎನ್ನಬಹುದು. 1877ರಲ್ಲಿ ಪೆಪ್ಯಾಂ ಕೊಟ್ಟ ಪರೀಕ್ಷೆ, ಭಾಜಕವನ್ನು ಹುಡುಕದೆಯೇ ತೀರ್ಪು ಹೇಳುತ್ತದೆ. ಇದೇ ಸಾಲಿನ 2ರ 1048576ನೆಯ ಘಾತಕ್ಕೆ 1 ಕೂಡಿಸಿದ ಸಂಖ್ಯೆಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ. ಅದು ಅವಿಭಾಜ್ಯವಲ್ಲ ಎಂದು 1980ರ ದಶಕದಲ್ಲೇ ಖಚಿತವಾಯಿತು. ಅದರ ಒಂದು ಅಪವರ್ತನವೂ ಇನ್ನೂ ಪತ್ತೆಯಾಗಿಲ್ಲ.

ನಂಬಿಕೆ: ಅವಿಭಾಜ್ಯವೋ ಅಲ್ಲವೋ, ಅಂಕಿಗಳಾಚೆ ಅದರಿಂದ ಆಗುವುದೇನೂ ಇಲ್ಲ.

ಸತ್ಯ: ರೇಖಾಗಣಿತವೇ ಬದಲಾಗುತ್ತದೆ. 17 ಭುಜಗಳ ಸಮಬಹುಭುಜವನ್ನು ಬರಿಯ ಕೈವಾರ ಮತ್ತು ಅಳತೆಯಿಲ್ಲದ ಪಟ್ಟಿಯಿಂದ ರಚಿಸಬಹುದೆಂದು 1796ರಲ್ಲಿ ಗೌಸ್ ಕಂಡುಕೊಂಡ. ಭುಜಗಳ ಸಂಖ್ಯೆ ಬೆಸವಾಗಿದ್ದರೆ, ಅದು ಫರ್ಮಾ ಸಾಲಿನ ಬೇರೆಬೇರೆ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು. 641 ಆ ಸಾಲಿನದಲ್ಲ. ಆದ್ದರಿಂದ 4294967297 ಭುಜಗಳ ಆಕೃತಿಯನ್ನು ಹಾಗೆ ರಚಿಸಲಾಗದು. ಎರಡೇ ಕಡಿಮೆಯಿರುವ 4294967295 ಮಾತ್ರ 3 × 5 × 17 × 257 × 65537. ಅಷ್ಟು ಭುಜಗಳ ಆಕೃತಿಯನ್ನು ತತ್ತ್ವತಃ ರಚಿಸಬಹುದು. ಹಾಗೆ ರಚಿಸಬಹುದೆಂದು ಇವತ್ತಿಗೆ ಗೊತ್ತಿರುವ ಬೆಸ ಸಂಖ್ಯೆಗಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು.