ಸಾರ್ವಜನಿಕ ಆರೋಗ್ಯ ಸಂಶೋಧನೆಯಲ್ಲಿ ಡಿಜಿಟಲ್ ನಕ್ಷೆಯೂ ಜನರ ಸಹಭಾಗವೂ

ರೋಗದ ಮೂಲವನ್ನು ಅರಿಯಲು ನಕ್ಷೆಯನ್ನು ಆಶ್ರಯಿಸುವ ಪದ್ಧತಿ ಹೊಸದಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಸುತ್ತ ಕಾಲರಾ ಹರಡಿದಾಗ, ವೈದ್ಯ ಜಾನ್ ಸ್ನೋ ಮರಣಗಳನ್ನು ಮನೆಮನೆಯಾಗಿ ಗುರುತಿಸಿ, ಅಲ್ಲಿಯ ಪಂಪಿನ ನೀರಿನತ್ತ ಬೆರಳು ತೋರಿದರು. ದೂರದ ಹ್ಯಾಂಪ್‌ಸ್ಟೆಡ್ಡಿನಲ್ಲಿ ತೀರಿಕೊಂಡ ವೃದ್ಧೆಯೊಬ್ಬರಿಗೂ ಅದೇ ನೀರು ಗಾಡಿಯಲ್ಲಿ ಹೋಗುತ್ತಿದ್ದುದು ಮಾತ್ರ ನಕ್ಷೆಯಿಂದ ತಿಳಿಯಲಿಲ್ಲ. ಆಕೆಯ ಮಗ ಹೇಳಿದ್ದರಿಂದ ತಿಳಿಯಿತು. ನಕ್ಷೆಯು ಸ್ಥಳವನ್ನು ತೋರಿಸುತ್ತದೆ. ಬಳಕೆಯನ್ನು ಜನರೇ ಹೇಳಬೇಕು.

ಗೌರಿಬಿದನೂರು ತಾಲ್ಲೂಕಿನ ನಗರಗೆರೆಯಂಥ ಸೀಮೆಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ತೆರೆದ ಬಾವಿಗಳು ಬತ್ತಿದಂತೆ ಕೊಳವೆ ಬಾವಿಗಳು ಆಳಕ್ಕಿಳಿದವು. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಖನಿಜಗಳಿಂದ ಫ್ಲೋರೈಡ್ ಅಂತರ್ಜಲದಲ್ಲಿ ಕರಗುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿಲ್ಲದ ಪಕ್ಷದಲ್ಲಿ 1.5ರವರೆಗೆ ಸಲ್ಲುತ್ತದೆ. ಈ ತಾಲ್ಲೂಕಿನ ಅನೇಕ ಬಾವಿಗಳು ಆ ಮಿತಿಯನ್ನು ದಾಟಿವೆ.

ಮೊಬೈಲಿನ ನೆರವಿನಿಂದ ಪ್ರತಿಯೊಂದು ಬಾವಿಯ ಅಕ್ಷಾಂಶ ರೇಖಾಂಶಗಳನ್ನು ದಾಖಲಿಸಿ, ನೀರಿನ ಪರೀಕ್ಷಾಫಲವನ್ನು ಬಣ್ಣಗಳಲ್ಲಿ ತೋರಿಸುವುದು ಇಂದು ಸುಲಭಸಾಧ್ಯ. ಆದರೆ ಹಲ್ಲಿನ ಫ್ಲೋರೋಸಿಸ್ ಉಂಟಾಗುವುದು ಎನಾಮೆಲ್ ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ. ಆದುದರಿಂದ ಹದಿನೈದರ ಹುಡುಗಿಯ ಹಲ್ಲಿನ ಕಲೆಗೆ ಇಂದಿನ ಬಾವಿಯಲ್ಲ, ಆಕೆ ಶಿಶುವಾಗಿದ್ದಾಗಿನ ಬಾವಿಯೇ ಸಾಕ್ಷಿ. ಆ ಬಾವಿ ಮುಚ್ಚಿಹೋಗಿರಬಹುದು. ಆಕೆಯ ಬಾಲ್ಯ ತಾಯಿಯ ತವರಿನಲ್ಲಿ ಕಳೆದಿರಬಹುದು. ಇದನ್ನು ಯಾವ ಉಪಗ್ರಹವೂ ಅರಿಯದು.

ಆದಕಾರಣ ಸಂಶೋಧಕನು ಮೊದಲು ಊರಿನವರನ್ನು ಕೂಡಿಸಿ, ನೆಲದ ಮೇಲೆ ರಂಗೋಲಿಪುಡಿಯಿಂದ ಊರನ್ನು ಬರೆಯಿಸಬೇಕು. ಯಾವ ಬಾವಿ ಯಾವಾಗ ತೋಡಿದ್ದು, ಯಾವಾಗ ಬತ್ತಿತು, ಯಾವ ಕೇರಿಯವರು ಎಲ್ಲಿಂದ ನೀರು ತರುತ್ತಿದ್ದರು ಎಂಬುದನ್ನು ನೀರು ಹೊತ್ತ ಹೆಂಗಸರೂ ನೀರು ಬಿಡುವವರೂ ಬಲ್ಲರು. ಅನಂತರವೇ ಆ ಚಿತ್ರವನ್ನು ಡಿಜಿಟಲ್ ನಕ್ಷೆಗೆ ಇಳಿಸತಕ್ಕದ್ದು. ಹೀಗೆ ಜನರ ಸಹಭಾಗವು ಬರಿಯ ಸೌಜನ್ಯವಲ್ಲ, ಅಳತೆಯ ಒಂದು ಅಂಗ.

ಎಚ್ಚರವೂ ಅವಶ್ಯ. ಕಲೆಬಿದ್ದ ಹಲ್ಲಿನವರ ಮನೆಗಳನ್ನು ನಕ್ಷೆಯಲ್ಲಿ ಬಹಿರಂಗಪಡಿಸಿದರೆ ಮದುವೆಯ ಮಾತುಕತೆಗೂ ಅಡ್ಡಿ ಬರಬಹುದು. ಬಾವಿಗಳನ್ನು ತೋರಿಸಬೇಕು, ಮನೆಗಳನ್ನು ಮರೆಮಾಡಬೇಕು. ಸಿದ್ಧವಾದ ನಕ್ಷೆ ಮೊದಲು ಊರಿಗೆ ಮರಳಬೇಕು. ಯಾವ ನೀರನ್ನು ಮಕ್ಕಳಿಗೆ ಕೊಡಬಾರದೆಂಬುದು ತಾಯಂದಿರಿಗೆ ತಿಳಿಯದಿದ್ದಲ್ಲಿ, ಆ ಸಂಶೋಧನೆ ಎಷ್ಟೇ ಶುದ್ಧವಾಗಿದ್ದರೂ ಅಪೂರ್ಣವೇ ಸರಿ.