ಮಾರ್ಕೆಟ್ ಯಾರ್ಡಿನ ಹೆಸರೂ ಜಾಲದ ಕಟ್ಟಳೆಯೂ

ಪುಣೆಯಲ್ಲಿ ನೆಲಸಿರುವ ಕನ್ನಡಿಗರಿಗೆ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾದುದಿಲ್ಲ. ಬ್ಯಾಡಗಿ ಮೆಣಸಿನಕಾಯಿ, ಬೆಲ್ಲ, ಈರುಳ್ಳಿ, ಬಟಾಟೆ, ಹಣ್ಣು, ಹೂವು ಎಲ್ಲವೂ ಲಾರಿಗಳಲ್ಲಿ ಬಂದಿಳಿಯುವ ಈ ಸಗಟು ಪೇಟೆಯಲ್ಲಿ ಒಂದು ಮಾತು ಹಮಾಲರಿಂದ ಹಿಡಿದು ಸಾಹುಕಾರರವರೆಗೆ ಎಲ್ಲರಿಗೂ ಗೊತ್ತು: ಅಳತೆ ಒಂದೇ ಆಗಿರಬೇಕು. ಹಾವೇರಿಯಲ್ಲಿ ತೂಗಿದ ಕ್ವಿಂಟಲು ಪುಣೆಯಲ್ಲಿಯೂ ಕ್ವಿಂಟಲೇ ಆಗಿರಬೇಕು. ಒಂದು ಕಾಲಕ್ಕೆ ಹಾಗಿರಲಿಲ್ಲ. ಊರಿಗೊಂದು ಸೇರು, ಪೇಟೆಗೊಂದು ಮಣ ಇದ್ದಿತು. 1956ರ ತೂಕ ಮತ್ತು ಅಳತೆಯ ಕಾಯಿದೆ ಬಂದು, 1958ರಿಂದ ಹಂತಹಂತವಾಗಿ ಕಿಲೋಗ್ರಾಮು ಬಳಕೆಗೆ ಬಂದ ಮೇಲೆಯೇ ಆ ಗೊಂದಲ ತಪ್ಪಿತು.

ಗಣಕಯಂತ್ರಗಳು ಒಂದರೊಡನೊಂದು ಮಾತನಾಡುವ ಜಾಲಕ್ಕೂ ಇಂಥದೇ ಒಂದು ಅಳತೆ ಬೇಕು. ಅಂಗಡಿಯ ಯಂತ್ರ ಒಂದು ಕಂಪನಿಯದು, ಬ್ಯಾಂಕಿನ ಯಂತ್ರ ಇನ್ನೊಂದರದು, ಕೈಯಲ್ಲಿರುವ ಫೋನು ಮತ್ತೊಂದರದು. ಇವೆಲ್ಲ ಪರಸ್ಪರ ತಿಳಿಯುವಂತೆ ಮಾತನಾಡಬೇಕಾದರೆ ಎಲ್ಲರೂ ಒಪ್ಪಿದ ಕಟ್ಟಳೆ ಇರಬೇಕು. ಅದಕ್ಕೆ ಮಾನಕವೆಂದು ಹೆಸರು. ಈ ಮಾನಕಗಳನ್ನು ಯಾರು ಬರೆಯುವರು, ಬರೆದ ಕರಡಿಗೆ ಬಂದ ಆಕ್ಷೇಪಣೆಗಳನ್ನು ಹೇಗೆ ಪರಿಶೀಲಿಸುವರು, ಅದರಿಂದ ನಮ್ಮ ಕನ್ನಡಕ್ಕೆ ಆಗುವ ಲಾಭನಷ್ಟಗಳೇನು ಎಂಬುದನ್ನು ಸಂಕ್ಷೇಪವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಬಟ್ಟೆಯ ಮರೆಯಲ್ಲಲ್ಲ, ಬಯಲಿನಲ್ಲಿ

ಹಿಂದಿನ ಕಾಲದ ಪೇಟೆಗಳಲ್ಲಿ ಒಂದು ವಿಚಿತ್ರ ಪದ್ಧತಿ ಇದ್ದಿತು. ದಲಾಲನೂ ಖರೀದಿದಾರನೂ ಒಂದು ಬಟ್ಟೆಯ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ದರ ಗೊತ್ತುಮಾಡಿಕೊಳ್ಳುತ್ತಿದ್ದರು. ಮಾಲು ತಂದ ರೈತ ಎದುರಿಗೇ ನಿಂತಿದ್ದರೂ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ನಿಯಂತ್ರಿತ ಪೇಟೆಗಳು ಬಂದ ಮೇಲೆ ಬಹಿರಂಗ ಸವಾಲೇ ನಿಯಮವಾಯಿತು. ಕೂಗಿದ ದರ ಎಲ್ಲರ ಕಿವಿಗೂ ಬೀಳಬೇಕು.

ಜಾಲದ ಮಾನಕಗಳನ್ನು ಕಟ್ಟಿದವರೂ ಮೊದಲಿನಿಂದಲೇ ಬಯಲಿನ ದಾರಿಯನ್ನು ಹಿಡಿದರು. 1969ನೆಯ ಇಸವಿ ಏಪ್ರಿಲ್ 7ರಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸ್ಟೀವ್ ಕ್ರಾಕರ್ ಎಂಬ ವಿದ್ಯಾರ್ಥಿ ಒಂದು ಟಿಪ್ಪಣಿಯನ್ನು ಬರೆದು ತನ್ನ ಜೊತೆಯವರಿಗೆ ಹಂಚಿದ. ಅದಕ್ಕೆ ಅವನು ಕೊಟ್ಟ ಹೆಸರಿನ ಅರ್ಥ ‘ಅಭಿಪ್ರಾಯಗಳಿಗಾಗಿ ಕೋರಿಕೆ’ ಎಂದು. ಇದು ಅಪ್ಪಣೆಯಲ್ಲ, ತಪ್ಪಿದ್ದರೆ ಹೇಳಿರಿ ಎಂಬ ವಿನಯ ಆ ಹೆಸರಿನಲ್ಲಿಯೇ ಇದೆ. ಆ ಸರಣಿ ಇಂದಿಗೂ ನಡೆದಿದೆ. ಜಾಲದ ಮೂಲ ಕಟ್ಟಳೆಗಳೆಲ್ಲ ಅದೇ ಹೆಸರಿನಿಂದ ಹೊರಬಂದಿವೆ. ಅವುಗಳನ್ನು ರೂಪಿಸುವ ಮಂಡಲಿಗೆ ಸದಸ್ಯತ್ವದ ಚಂದಾ ಇಲ್ಲ. ಯಾರು ಬೇಕಾದರೂ ಕರಡನ್ನು ಓದಿ ಬರೆಯಬಹುದು. ಅಲ್ಲಿ ಮತಗಳನ್ನು ಎಣಿಸುವ ರೂಢಿಯೂ ಇಲ್ಲ. ಸಭೆಯ ಒಲವು ಯಾವ ಕಡೆಗಿದೆಯೆಂದು ತಿಳಿಯಬೇಕಾದಾಗ ಬಾಯಿ ಮುಚ್ಚಿಕೊಂಡೇ ‘ಹೂಂ’ಗುಟ್ಟಿರೆಂದು ಅಧ್ಯಕ್ಷರು ಕೇಳುವರು! ಕೈ ಎತ್ತಿದರೆ ಲೆಕ್ಕವಾಗುತ್ತದೆ, ಹೂಂಕಾರದಿಂದ ಅಂದಾಜು ಮಾತ್ರ ಸಿಗುತ್ತದೆ ಎಂಬುದೇ ಇದರ ಗುಟ್ಟು. ಒಬ್ಬನೇ ವಿರೋಧಿಸಿದರೂ ಅವನ ಕಾರಣಕ್ಕೆ ಉತ್ತರ ಹೇಳಬೇಕು. ಉತ್ತರ ಹೇಳಿದ ಮೇಲೆ ಅವನ ಇಷ್ಟದಂತೆಯೇ ನಡೆಯಬೇಕೆಂಬ ಕಡ್ಡಾಯವಿಲ್ಲ.

ಹನ್ನೆರಡು ಸಾವಿರ ಆಕ್ಷೇಪಣೆಗಳು

ಎಲ್ಲ ಮಂಡಲಿಗಳೂ ಹೀಗೆಯೇ ನಡೆಯುವುದಿಲ್ಲ. ತಂತಿಯಿಲ್ಲದ ಜಾಲಕ್ಕೆ, ಎಂದರೆ ನಾವು ವೈಫೈ ಎನ್ನುವುದಕ್ಕೆ, ಮಾನಕ ಕೊಡುವ ಇಂಜಿನಿಯರುಗಳ ಸಂಸ್ಥೆಯಲ್ಲಿ ಮತದಾನವೇ ಉಂಟು. ನೂರಕ್ಕೆ ಎಪ್ಪತ್ತೈದು ಮತಗಳು ಬಾರದೆ ಕರಡು ಮುಂದೆ ಸಾಗದು. ‘ಬೇಡ’ ಎಂದು ಮತ ಹಾಕಿದವನು ಬೇಡವೆಂದು ಸುಮ್ಮನಿರುವಂತಿಲ್ಲ. ಯಾವ ಪುಟ, ಯಾವ ಸಾಲು, ಏನು ದೋಷ, ಅದರ ಬದಲಿಗೆ ಯಾವ ಮಾತು ಇರಬೇಕು ಎಂಬುದನ್ನು ಬರೆದುಕೊಡಬೇಕು. ಸಮಿತಿ ಒಂದೊಂದಕ್ಕೂ ‘ಒಪ್ಪಿದೆ’, ‘ತಿದ್ದಿ ಒಪ್ಪಿದೆ’, ‘ಒಪ್ಪಲಿಲ್ಲ’ ಎಂಬ ಮೂರರಲ್ಲಿ ಒಂದು ತೀರ್ಪನ್ನು ಬರೆಯುವುದು. ಒಪ್ಪದಿದ್ದರೆ ಕಾರಣವನ್ನೂ ಕೊಡುವುದು.

ಈ ಕೆಲಸ ಎಷ್ಟು ದೊಡ್ಡದೆಂಬುದಕ್ಕೆ ಒಂದು ಉದಾಹರಣೆ ಸಾಕು. 802.11 ಎನ್ ಎಂಬ ಮಾನಕದ ಸಮಿತಿ 2003ರಲ್ಲಿ ಆರಂಭವಾಯಿತು. 2006ರಲ್ಲಿ ಅದರ ಮೊದಲನೆಯ ಕರಡನ್ನು ಮತಕ್ಕೆ ಹಾಕಿದಾಗ ಅರ್ಧದಷ್ಟು ಬೆಂಬಲವೂ ಬರಲಿಲ್ಲ. ಬಂದದ್ದು ಸುಮಾರು 12,000 ಟೀಕೆಗಳು! ಅವುಗಳಲ್ಲಿ ಎಷ್ಟೋ ಒಂದರ ಪ್ರತಿ ಇನ್ನೊಂದು. ಆದರೂ ಒಂದೊಂದನ್ನೂ ಓದಿ, ವಿಂಗಡಿಸಿ, ಉತ್ತರ ಬರೆಯಬೇಕಾಯಿತು. ಎರಡನೆಯ ಕರಡು 2007ರಲ್ಲಿ ಗೆದ್ದಿತು. ಮಾನಕಕ್ಕೆ ಕೊನೆಯ ಮುದ್ರೆ ಬಿದ್ದದ್ದು 2009ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಕಾಯಲಾರದ ಕಂಪನಿಗಳು ಕರಡನ್ನೇ ನಂಬಿ ಪೆಟ್ಟಿಗೆಗಳನ್ನು ಮಾರಲು ಆರಂಭಿಸಿದ್ದವು. ಪೇಟೆಗೆ ಅವಸರ, ಸಮಿತಿಗೆ ನಿಧಾನ. ಈ ಜಗ್ಗಾಟ ಎಲ್ಲ ಕಡೆಯಲ್ಲಿಯೂ ಇದ್ದದ್ದೇ.

ನಮ್ಮ ದೇಶದಲ್ಲಿಯೂ ಇದಕ್ಕೊಂದು ಸಂಸ್ಥೆಯಿದೆ. 1947ರಲ್ಲಿ ಹುಟ್ಟಿದ ಭಾರತೀಯ ಮಾನಕ ಸಂಸ್ಥೆಯ ಐ.ಎಸ್.ಐ. ಗುರುತನ್ನು ಪ್ರೆಶರ್ ಕುಕ್ಕರಿನ ಮೇಲೆ ನೋಡದ ಗೃಹಿಣಿ ಇರಲಾರಳು. 1987ರಲ್ಲಿ ಅದು ಭಾರತೀಯ ಮಾನಕ ಬ್ಯೂರೋ ಆಯಿತು. ಅಲ್ಲಿಯೂ ಕರಡನ್ನು ವ್ಯಾಪಕವಾಗಿ ಹಂಚಿ ಸಾರ್ವಜನಿಕರ ಅಭಿಪ್ರಾಯ ಕೇಳುವ ಪದ್ಧತಿಯಿದೆ. ಭಾರತೀಯ ಲಿಪಿಗಳನ್ನು ಯಂತ್ರದೊಳಗೆ ಸಂಕೇತಗಳಾಗಿ ಇಡುವ ಕ್ರಮಕ್ಕೆ 1991ರಲ್ಲಿ ಮಾನಕ ಕೊಟ್ಟದ್ದು ಈ ಬ್ಯೂರೋವೇ. 1988ರಲ್ಲಿ ನಮ್ಮ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆ ಆ ಲಿಪಿತಂತ್ರಜ್ಞಾನವನ್ನು ದೇಶದಲ್ಲೆಲ್ಲ ಹರಡಿತು ಎಂಬುದು ಇಲ್ಲಿಯವರು ಹೆಮ್ಮೆಪಡಬೇಕಾದ ಸಂಗತಿ.

ಹೆಸರು ಕೆಟ್ಟ ಬಗೆ

ಇದೆಲ್ಲ ಇಂಜಿನಿಯರುಗಳ ಪಾಡು, ನಮಗೇಕೆ ಎಂದು ಕೆಲವರು ಕೇಳಬಹುದು. ಮಾರ್ಕೆಟ್ ಯಾರ್ಡಿನ ಹೆಸರನ್ನೇ ತೆಗೆದುಕೊಳ್ಳೋಣ. ಅಲ್ಲಿಯ ಕನ್ನಡಿಗ ವ್ಯಾಪಾರಿಯೊಬ್ಬನು ಜಾಲದಲ್ಲಿ ತನ್ನ ಅಂಗಡಿಗೆ ಕನ್ನಡದ ವಿಳಾಸವನ್ನೇ ಇಡಬೇಕೆಂದು ಬಯಸಿದನೆನ್ನಿ. ವಿಳಾಸದಲ್ಲಿ ಪದಗಳ ನಡುವೆ ತೆರಪು ಬಿಡುವಂತಿಲ್ಲ. ಎರಡನ್ನೂ ಸೇರಿಸಿ ಬರೆದರೆ ಟ್ ಮತ್ತು ಯ ಕೂಡಿಕೊಂಡು ‘ಮಾರ್ಕೆಟ್ಯಾರ್ಡ್’ ಎಂದಾಗಿಬಿಡುತ್ತದೆ. ಮರಾಠಿಗರಿಗೆ ಈ ತೊಡಕಿಲ್ಲ. ಅವರು ಮಾರ್ಕೆಟ್ ಎಂಬಲ್ಲಿ ಕೊನೆಯ ಅಕ್ಷರಕ್ಕೆ ಹಲಂತವನ್ನೇ ಹಾಕುವುದಿಲ್ಲ. ನಾವು ‘ಮಾರ್ಕೆಟ್‌ಯಾರ್ಡ್’ ಎಂದು ಸರಿಯಾಗಿ ಬರೆಯಬೇಕಾದರೆ ನಡುವೆ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಗುರುತನ್ನು ಇಡಬೇಕು. ‘ರಾಜ್‌ಕುಮಾರ್’ ಎಂದು ಬರೆಯುವುದಕ್ಕೂ ಇದೇ ಗುರುತು ಬೇಕು.

ಇಂಗ್ಲಿಷಲ್ಲದ ಲಿಪಿಗಳಿಗೆ ಜಾಲದ ವಿಳಾಸದಲ್ಲಿ ಸ್ಥಾನ ಕೊಟ್ಟ ಮೊದಲ ಕಟ್ಟಳೆ 2003ರಲ್ಲಿ ಬಂದಿತು. ಅದರ ಪ್ರಕಾರ ಈ ಕಾಣದ ಗುರುತನ್ನು ಯಂತ್ರ ತೆಗೆದುಹಾಕಿಬಿಡುತ್ತಿತ್ತು. ಹೀಗಾದರೆ ನಮ್ಮ ಭಾಷೆಗಳ ಕಾಗುಣಿತವೇ ಕೆಡುವುದೆಂಬ ವಾದ ಎದ್ದಿತು. ಅದಕ್ಕೆ ಎದುರು ವಾದವೂ ಗಟ್ಟಿಯಾಗಿಯೇ ಇದ್ದಿತು. ಕಾಣದ ಗುರುತಿಗೆ ಅವಕಾಶ ಕೊಟ್ಟರೆ, ನೋಡಲು ಒಂದೇ ಆಗಿರುವ ಎರಡು ವಿಳಾಸಗಳು ಹುಟ್ಟಬಹುದು. ವ್ಯಾಪಾರಿಗೆ ಹೋಗಬೇಕಾದ ಹಣ ಠಕ್ಕನ ಕೈ ಸೇರಬಹುದು. ಎರಡು ಕಡೆಯ ಮಾತೂ ನಿಜವೇ. ಬಹಳ ಚರ್ಚೆಯಾದ ಮೇಲೆ 2010ರಲ್ಲಿ ಹೊರಬಂದ ಹೊಸ ಕಟ್ಟಳೆ ಮಧ್ಯದ ದಾರಿ ಹಿಡಿಯಿತು: ಹಲಂತದ ಹಿಂದೆಯೇ ಬಂದರೆ ಆ ಗುರುತಿಗೆ ಅವಕಾಶವುಂಟು, ಮನಬಂದ ಕಡೆಯಲ್ಲಿ ಇಲ್ಲ. ಒಂದು ಆಕ್ಷೇಪಣೆಯನ್ನು ತೀರಿಸುವುದೆಂದರೆ ಇದೇ. ಎರಡು ಭಯಗಳಿಗೂ ಉತ್ತರ ಹೇಳಬಲ್ಲ ಒಂದು ವಾಕ್ಯವನ್ನು ಹುಡುಕುವುದು.

ಆದರೆ ವಿಳಾಸದ ಕೊನೆಯಲ್ಲಿ ಬರುವ ಮೂಲನಾಮಗಳಿಗೆ ನಿಯಮ ಇನ್ನೂ ಬಿಗಿ. ಅಲ್ಲಿ ಆ ಗುರುತಿಗೆ ಪ್ರವೇಶವೇ ಇಲ್ಲ. ಅಂಕೆಗೂ ಅಡ್ಡಗೆರೆಗೂ ಇಲ್ಲ. ಮೂಲನಾಮ ಇಡೀ ಲೋಕಕ್ಕೆ ಸೇರಿದ್ದಾದುದರಿಂದ ಅಲ್ಲಿ ಸಂದೇಹಕ್ಕೆ ಎಡೆಯಿರಬಾರದೆಂಬುದು ಅವರ ಕಾರಣ. ‘.ಭಾರತ’ ಎಂಬ ನಮ್ಮ ಕನ್ನಡದ ಮೂಲನಾಮ ಇಂದು ಜಾಲದಲ್ಲಿದೆ. ಅದರಲ್ಲಿ ಈ ತೊಡಕು ಬಾರದಿದ್ದದ್ದು ಪುಣ್ಯ.

ತೆಲುಗಿನ ನಂಟು

ಈ ಮೂಲನಾಮಗಳಲ್ಲಿ ಯಾವ ಕನ್ನಡ ಅಕ್ಷರಗಳನ್ನು ಯಾವ ಕ್ರಮದಲ್ಲಿ ಬಳಸಬಹುದೆಂದು ಗೊತ್ತುಮಾಡಲು, ಬ್ರಾಹ್ಮಿಯಿಂದ ಹುಟ್ಟಿದ ಒಂಬತ್ತು ಲಿಪಿಗಳಿಗೆ ಸೇರಿ ಒಂದು ತಜ್ಞಮಂಡಲಿ ಕೆಲಸ ಮಾಡಿತು. ಕನ್ನಡದ ಕರಡನ್ನು 2018ರಲ್ಲಿ ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಕೇಳಿದರು. 2019ರಲ್ಲಿ ಅದು ಜಾಗತಿಕ ನಿಯಮಾವಳಿಯೊಳಗೆ ಸೇರಿತು.

ಇಲ್ಲಿ ಎದುರಾದ ದೊಡ್ಡ ಪ್ರಶ್ನೆ ನಮ್ಮ ನೆರೆಯ ತೆಲುಗಿನದು. ಕನ್ನಡ ತೆಲುಗು ಲಿಪಿಗಳು ಒಡಹುಟ್ಟಿದವು. ‘ಜಲ’ ಎಂಬ ಪದವನ್ನು ಎರಡೂ ಲಿಪಿಗಳಲ್ಲಿ ಬರೆದು ಅಕ್ಕಪಕ್ಕ ಇಟ್ಟರೆ ಗುರುತು ಹಿಡಿಯುವುದು ಕಷ್ಟ. ಮನುಷ್ಯನ ಕಣ್ಣಿಗೆ ಒಂದೇ ಆದರೂ ಯಂತ್ರಕ್ಕೆ ಅವು ಬೇರೆಬೇರೆ ಸಂಕೇತಗಳು. ಒಬ್ಬನು ಕನ್ನಡದಲ್ಲಿ ಪಡೆದ ಹೆಸರನ್ನು ಇನ್ನೊಬ್ಬನು ತೆಲುಗಿನಲ್ಲಿ ಪಡೆದರೆ ಗಿರಾಕಿಗಳ ಗತಿಯೇನು? ಹಾಗೆಂದು ಒಂದು ಲಿಪಿಯ ಅಕ್ಷರಗಳನ್ನು ನಿಷೇಧಿಸಲಾದೀತೆ? ಕೊನೆಗೆ ಆದ ತೀರ್ಮಾನ ಹೀಗೆ: ಇಂಥ ಅಕ್ಷರಗಳನ್ನು ಜೋಡಿಗಳೆಂದು ಗುರುತಿಸುವುದು; ಇಡೀ ಹೆಸರು ಇಂಥ ಅಕ್ಷರಗಳಿಂದಲೇ ಆಗಿದ್ದರೆ, ಮೊದಲು ಒಂದು ಲಿಪಿಯವರು ಪಡೆದ ಮೇಲೆ ಇನ್ನೊಂದು ಲಿಪಿಯ ಪ್ರತಿರೂಪಕ್ಕೆ ಬಾಗಿಲು ಮುಚ್ಚುವುದು. ಯಾರ ಅಕ್ಷರವೂ ಹೋಗಲಿಲ್ಲ, ಯಾರೂ ಮೋಸಹೋಗುವ ಹಾಗೂ ಇಲ್ಲ.

ತಡವಾಗಿ ತಿಳಿದ ತಪ್ಪು

ಸಕಾಲಕ್ಕೆ ಆಕ್ಷೇಪಣೆ ಹೋಗದಿದ್ದರೆ ಏನಾಗುವುದೆಂಬುದಕ್ಕೂ ನಮ್ಮ ಲಿಪಿಯಲ್ಲಿಯೇ ನಿದರ್ಶನವಿದೆ. ‘ಪೞಗನ್ನಡ’ ಎಂದು ಬರೆಯುವಾಗ ಬರುವ ೞ ಎಂಬ ಹಳೆಯ ಅಕ್ಷರವನ್ನು ಹಳಗನ್ನಡ ಓದಿದವರೆಲ್ಲ ಬಲ್ಲರು. ಜಗತ್ತಿನ ಬಹುಪಾಲು ಲಿಪಿಗಳನ್ನು ಒಳಗೊಂಡ ಯೂನಿಕೋಡ್ ಎಂಬ ಸಂಕೇತಮಾಲೆಯಲ್ಲಿ ಈ ಅಕ್ಷರಕ್ಕೆ ‘ಫ’ ಎಂಬ ಹೆಸರು ಬಿದ್ದಿದೆ! ಳಕಾರದ ಬಂಧುವಿಗೂ ತುಟಿಯಿಂದ ಹುಟ್ಟುವ ಫಕಾರಕ್ಕೂ ಏನು ನಂಟು? ತಪ್ಪೆಂದು ಎಲ್ಲರೂ ಒಪ್ಪಿದ್ದಾರೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಾಯಿಸಬಾರದೆಂಬುದು ಆ ಮಾಲೆಯ ಕಟ್ಟುನಿಟ್ಟು. ಬದಲಾಯಿಸಿದರೆ ಅದನ್ನು ನಂಬಿ ಬರೆದ ಯಂತ್ರಸೂಚನೆಗಳು ಕೆಡಬಹುದು. ಆದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರು ಪಕ್ಕದಲ್ಲಿ ‘ತಿದ್ದುಪಡಿ’ ಎಂದು ನಿಂತಿದೆ. ಕರಡಿನ ಕಾಲದಲ್ಲಿ ಒಬ್ಬ ಕನ್ನಡ ಪಂಡಿತನ ಒಂದು ಕಾರ್ಡು ಹೋಗಿದ್ದರೆ ಸಾಕಾಗುತ್ತಿತ್ತು.

ನಾವು ಮಾಡಬಹುದಾದದ್ದು

ಕರಡಿಗೆ ಅಭಿಪ್ರಾಯ ಬರೆಯಲು ದೊಡ್ಡ ಪದವಿ ಬೇಕಾಗಿಲ್ಲ. ‘ಇದು ಕನ್ನಡಕ್ಕೆ ಅನ್ಯಾಯ’ ಎಂದಷ್ಟೇ ಬರೆದರೆ ಸಮಿತಿಯವರು ಏನನ್ನೂ ಮಾಡಲಾರರು. ಕಲಮಿನ ಸಂಖ್ಯೆ ಹೇಳಬೇಕು, ಅಚ್ಚಿನ ತಪ್ಪೋ, ವಿಷಯದ ತಪ್ಪೋ ತಿಳಿಸಬೇಕು, ಉದಾಹರಣೆ ಕೊಡಬೇಕು, ಇರುವ ವಾಕ್ಯದ ಬದಲಿಗೆ ಇರಬೇಕಾದ ವಾಕ್ಯವನ್ನು ಬರೆದೇ ಕಳುಹಿಸಬೇಕು, ಗಡುವಿನೊಳಗೆ ಕಳುಹಿಸಬೇಕು. ಉತ್ತರ ಬಂದಾಗ ಅದನ್ನು ಓದಿ, ಸಮರ್ಪಕವಾಗಿದ್ದರೆ ಒಪ್ಪುವ ದೊಡ್ಡ ಮನಸ್ಸೂ ಇರಬೇಕು.

ಕನ್ನಡ ಲಿಪಿಯನ್ನು ಕನ್ನಡಿಗರಲ್ಲದೆ ತುಳುವರೂ ಕೊಡವರೂ ಬ್ಯಾರಿಗಳೂ ಕೊಂಕಣಿಗರಲ್ಲಿ ಹಲವರೂ ಬಳಸುತ್ತಾರೆ. ಅವರ ಉಚ್ಚಾರಗಳ ಅಗತ್ಯ ಬೆಂಗಳೂರಿನಲ್ಲಿ ಕುಳಿತವರಿಗೆ ಒಮ್ಮೊಮ್ಮೆ ಹೊಳೆಯದೆ ಹೋಗಬಹುದು. ನಾಲ್ಕು ಭಾಷೆಗಳ ನಡುವೆ ಬಾಳುವ ಹೊರನಾಡ ಕನ್ನಡಿಗನಿಗೆ ಅಕ್ಷರಗಳು ಎಲ್ಲಿ ಎಡವುತ್ತವೆಂಬುದು ಬೇಗ ಕಾಣುತ್ತದೆ. ನಮ್ಮ ಮನೆಗಳಲ್ಲಿ ಇಂಜಿನಿಯರಾಗಿರುವ ಮಕ್ಕಳಿದ್ದಾರೆ, ಕಾಗುಣಿತ ಬಲ್ಲ ಹಿರಿಯರಿದ್ದಾರೆ. ಮುಂದಿನ ಕರಡು ಪ್ರಕಟವಾದಾಗ ಇವರಿಬ್ಬರೂ ಒಂದು ಸಂಜೆ ಜೊತೆಯಾಗಿ ಕುಳಿತು ಓದಿ, ತೋರಿದ ದೋಷವನ್ನು ಬರೆದು ಕಳುಹಿಸಿದರೆ ಅದು ಕನ್ನಡಕ್ಕೆ ಸಲ್ಲುವ ಸಣ್ಣ ಸೇವೆಯೇನಲ್ಲ.